ಮಳೆನೀರಿನ ಪೈಪನ್ನು ಯುಜಿಡಿಯಿಂದ ಬಿಡಿಸುವವರು ಯಾರು?

ಬೆಂಗಳೂರಿನಲ್ಲಿ ಅರ್ಧ ಗಂಟೆ ಜೋರು ಮಳೆ ಸುರಿದರೆ ಸಾಕು, ತಗ್ಗಿನ ಬೀದಿಗಳಲ್ಲಿ ಮ್ಯಾನ್‌ಹೋಲ್ ಮುಚ್ಚಳಗಳು ಅದುರತೊಡಗುತ್ತವೆ. ಮೊದಲು ಅಂಚಿನಿಂದ ನೀರು ಬುಗ್ಗೆಯಾಗಿ ಏಳುತ್ತದೆ, ಆಮೇಲೆ ಮುಚ್ಚಳವೇ ಸರಿದು ಕಪ್ಪು ನೀರು ರಸ್ತೆ ತುಂಬುತ್ತದೆ. ನೆಲಮಹಡಿಯ ಬಚ್ಚಲಿನ ಜಾಲರಿಯಲ್ಲಿ ಗೊಳಗೊಳ ಸದ್ದು ಕೇಳಿದ ಕೂಡಲೇ ಅನುಭವಸ್ಥರು ಅದರ ಬಾಯಿಗೆ ತುರುಕಲು ಬಟ್ಟೆಯನ್ನೋ ಮರಳಿನ ಚೀಲವನ್ನೋ ಹುಡುಕುತ್ತಾರೆ. ಮಾರನೆಯ ದಿನದ ಪತ್ರಿಕೆಗಳಲ್ಲಿ ರಾಜಕಾಲುವೆ ಒತ್ತುವರಿದಾರರು, ಕೆರೆ ನುಂಗಿದ ಬಡಾವಣೆಗಳು, ಹೂಳೆತ್ತದೆ ಬಿಲ್ ಪಡೆದ ಗುತ್ತಿಗೆದಾರರು ಎಲ್ಲರೂ ಬರುತ್ತಾರೆ. ಬರಬೇಕಾದವರೇ. ಆದರೆ ಆ ಪಟ್ಟಿಯಿಂದ ಸದಾ ತಪ್ಪಿಸಿಕೊಳ್ಳುವ ಒಂದು ವಸ್ತುವಿದೆ: ನಮ್ಮ ನಮ್ಮ ತಾರಸಿಯಿಂದ ಗೋಡೆಗುಂಟ ಇಳಿದುಬರುವ ನಾಲ್ಕಿಂಚಿನ ಪಿವಿಸಿ ಪೈಪು.

ಆ ಪೈಪು ನೆಲದೊಳಗೆ ಹೊಕ್ಕ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಬಹುತೇಕ ಮನೆ ಮಾಲೀಕರು ತಡವರಿಸುತ್ತಾರೆ. ಮನೆ ಕಟ್ಟಿಸುವಾಗ ಟೈಲ್ಸ್‌ನ ಬಣ್ಣಕ್ಕೆ ಮೂರು ಅಂಗಡಿ ತಿರುಗಿದವರು ಮಳೆನೀರಿನ ಪೈಪನ್ನು ಮೇಸ್ತ್ರಿಯ ಇಷ್ಟಕ್ಕೆ ಬಿಟ್ಟಿರುತ್ತಾರೆ. ಮೇಸ್ತ್ರಿಗೆ ಸುಲಭವಾಗಿ ಕಾಣುವ ದಾರಿ ಒಂದೇ. ಶೌಚಾಲಯದ ನೀರು ಹೋಗುವ ಚೇಂಬರ್ ಅಲ್ಲೇ ಪಕ್ಕದಲ್ಲಿರುತ್ತದೆ, ಇದನ್ನೂ ಅದಕ್ಕೇ ಕೂಡಿಸಿದರೆ ಕೆಲಸ ಮುಗಿಯಿತು.

ಬೆಂಗಳೂರಿನ ಒಳಚರಂಡಿ ರೂಪುಗೊಂಡಿರುವುದು ಈ ಎರಡು ನೀರು ಎಂದೂ ಕೂಡುವುದಿಲ್ಲ ಎಂಬ ಲೆಕ್ಕದ ಮೇಲೆ. ಶೌಚಾಲಯ, ಬಚ್ಚಲು, ಅಡುಗೆಮನೆಯ ನೀರು ಯುಜಿಡಿಗೆ, ಅಂದರೆ ನೆಲದಡಿಯ ಒಳಚರಂಡಿ ಕೊಳವೆಗೆ, ಹೋಗಬೇಕು. ಅದು ಜಲಮಂಡಳಿಯ ವ್ಯಾಪ್ತಿ. ಮಳೆನೀರು ರಸ್ತೆಬದಿಯ ಚರಂಡಿಯಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಹೋಗಬೇಕು. ಅದು ಪಾಲಿಕೆಯ ಹೊಣೆ. ಕಾಗದದ ಮೇಲೆ ಎರಡೂ ಬೇರೆ. ನೆಲದೊಳಗೆ ಮಾತ್ರ ಅದಲುಬದಲಾಗಿವೆ. ಕೊಳಚೆ ರಾಜಕಾಲುವೆಯಲ್ಲಿ ವರ್ಷವಿಡೀ ಹರಿಯುತ್ತದೆ, ಮಳೆನೀರು ಯುಜಿಡಿಯಲ್ಲಿ ಉಕ್ಕುತ್ತದೆ. ಮೊದಲನೆಯದರ ಬಗ್ಗೆ ನಾವು ಬೇಕಾದಷ್ಟು ಮಾತನಾಡಿದ್ದೇವೆ, ಅದು ಮೂಗಿಗೆ ಬಡಿಯುತ್ತದಲ್ಲ. ಎರಡನೆಯದರ ಬಗ್ಗೆ ಮಾತು ಕಡಿಮೆ.

ಒಂದು ಮನೆಯ ತಾರಸಿಯಿಂದ ಎಷ್ಟು ನೀರು ಬಂದೀತು ಎಂದು ಕೇಳುವವರಿಗಾಗಿ ಸ್ವಲ್ಪ ಲೆಕ್ಕ ಹಾಕೋಣ. ಮೂವತ್ತು–ನಲವತ್ತರ ನಿವೇಶನ, ಅದರಲ್ಲಿ ಸುಮಾರು ಸಾವಿರ ಚದರಡಿಯ ತಾರಸಿ, ಅಂದರೆ 93 ಚದರ ಮೀಟರ್. ಗಂಟೆಗೆ 50 ಮಿಲಿಮೀಟರ್ ಮಳೆ ಬಿದ್ದರೆ (ಮೇ ಅಥವಾ ಸೆಪ್ಟೆಂಬರ್ ಸಂಜೆಯ ಗುಡುಗು ಮಳೆಗೆ ಇದು ದೊಡ್ಡ ಮಾತಲ್ಲ) ಆ ಒಂದು ತಾರಸಿಯಿಂದ ಇಳಿಯುವುದು ಸುಮಾರು 4,650 ಲೀಟರ್. ಅದೇ ಮನೆಯಲ್ಲಿ ನಾಲ್ವರಿದ್ದಾರೆ, ತಲೆಗೆ ದಿನಕ್ಕೆ 135 ಲೀಟರ್ ಬಳಸುತ್ತಾರೆ ಎನ್ನೋಣ. ಅದರ ಶೇ 80ರಷ್ಟು ಯುಜಿಡಿಗೆ ಹೋದರೆ ದಿನಕ್ಕೆ 432 ಲೀಟರ್. ಅಂದರೆ ಆ ಕುಟುಂಬ ಹತ್ತು ದಿನಕ್ಕೂ ಹೆಚ್ಚು ಕಾಲ ಬಿಡುವ ಕೊಳಚೆಯಷ್ಟು ನೀರನ್ನು ಅದೇ ಮನೆಯ ತಾರಸಿ ಒಂದೇ ಗಂಟೆಯಲ್ಲಿ ಅದೇ ಕೊಳವೆಗೆ ಸುರಿಯುತ್ತದೆ.

ಎಂಜಿನಿಯರುಗಳು ಕೊಳವೆಯ ಗಾತ್ರ ನಿರ್ಧರಿಸುವಾಗ ಬೆಳಗಿನ ಒತ್ತಡದ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಸಣ್ಣ ಪ್ರದೇಶಗಳಿಗೆ ಸರಾಸರಿ ಹರಿವಿನ ಮೂರು ಪಟ್ಟು ಎಂದು ಇಟ್ಟುಕೊಳ್ಳುವುದು ಕೇಂದ್ರ ಸರ್ಕಾರದ ಕೈಪಿಡಿಯ ರೂಢಿ. ಹಾಗೆ ಲೆಕ್ಕ ಹಾಕಿದರೂ ನೂರು ಮನೆಗಳ ಒಂದು ಬೀದಿಯ ಕೊಳಚೆ ಗಂಟೆಗೆ 5,400 ಲೀಟರ್ ಆಗುತ್ತದೆ. ಒಂದು ಮನೆಯ ತಾರಸಿ ಆ ಬೀದಿಯ ಇಡೀ ಬೆಳಗಿನ ಹರಿವಿಗೆ ಹೆಚ್ಚುಕಡಿಮೆ ಸಮ. ಕೊಳವೆಯನ್ನು ಅಷ್ಟು ಕಿರಿದಾಗಿ ಹಾಕುವುದಿಲ್ಲ ನಿಜ. ಆದರೂ 150 ಮಿಲಿಮೀಟರ್ ವ್ಯಾಸದ ಕೊಳವೆ ಸಾಧಾರಣ ಇಳಿಜಾರಿನಲ್ಲಿ ಸೆಕೆಂಡಿಗೆ ಹತ್ತು–ಹನ್ನೆರಡು ಲೀಟರ್ ಸಾಗಿಸೀತು. ಎಂಟು–ಹತ್ತು ತಾರಸಿಗಳು ಅದನ್ನು ಬಾಯಿಮಟ್ಟ ತುಂಬಿಸುತ್ತವೆ. ನೂರರಲ್ಲಿ ಹತ್ತು ಮನೆಯವರು ಮಾತ್ರ ಹೀಗೆ ಮಾಡಿದ್ದರೂ ಉಳಿದ ತೊಂಬತ್ತು ಮನೆಗಳ ಶೌಚಾಲಯದ ನೀರಿಗೆ ಜಾಗವಿಲ್ಲ.

ಜಾಗವಿಲ್ಲದ ನೀರು ಸಿಕ್ಕ ಬಾಯಿಯಿಂದ ಹೊರಬರುತ್ತದೆ. ಬೆಂಗಳೂರು ದಿಬ್ಬದ ಮೇಲಿನ ಊರು. ನೀರೆಲ್ಲ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳತ್ತ ಜಾರುತ್ತದೆ. ಯುಜಿಡಿಯ ದೊಡ್ಡ ಕೊಳವೆಗಳೂ ಇದೇ ಕಣಿವೆಗಳ ಗುಂಟ ಸಾಗುತ್ತವೆ. ಹಾಗಾಗಿ ತಪ್ಪು ಜೋಡಣೆ ಮಾಡಿಕೊಂಡ ದಿಬ್ಬದ ಮನೆಯವರಿಗೆ ಅದರ ಫಲ ಎಂದೂ ಕಾಣುವುದಿಲ್ಲ. ಅವರ ತಾರಸಿ ಐದು ನಿಮಿಷದಲ್ಲಿ ಬರಿದಾಗುತ್ತದೆ, ಅಂಗಳ ಒಣಗಿರುತ್ತದೆ. ಮೂರು ಕಿಲೋಮೀಟರ್ ಕೆಳಗೆ, ಯಾವುದೋ ವಠಾರದ ನೆಲಮಹಡಿಯ ಬಾಡಿಗೆದಾರರ ಬಚ್ಚಲಲ್ಲಿ ಆ ನೀರು ಕೊಳಚೆಯೊಡನೆ ಮೇಲೇಳುತ್ತದೆ. ಈ ಸಮಸ್ಯೆ ಇಷ್ಟು ವರ್ಷ ಹಾಗೇ ಉಳಿದಿರುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣವೇ ಇದು: ಮಾಡಿದವರು ಒಬ್ಬರು, ತೊಳೆಯುವವರು ಇನ್ನೊಬ್ಬರು.

ಇದಕ್ಕೆ ಸೇರಿಕೊಂಡ ಇನ್ನೊಂದು ಚಾಳಿಯಿದೆ. ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಾಗ ಯಾರೋ ಒಬ್ಬರು ಉತ್ಸಾಹದಿಂದ ಹಾರೆ ತಂದು ಮ್ಯಾನ್‌ಹೋಲ್ ಮುಚ್ಚಳ ಎತ್ತುತ್ತಾರೆ. ನೀರು ಸುಳಿಯಾಗಿ ಇಳಿಯುತ್ತದೆ, ಬೀದಿಯವರು ಶಹಬ್ಬಾಸ್ ಎನ್ನುತ್ತಾರೆ. ಇಳಿದದ್ದು ನೀರು ಮಾತ್ರವಲ್ಲ. ರಸ್ತೆಯ ಮರಳು, ಜಲ್ಲಿ, ಪ್ಲಾಸ್ಟಿಕ್ ಎಲ್ಲವೂ ಒಳಗೆ ಹೋಗಿ ಕೊಳವೆಯ ತಳದಲ್ಲಿ ಕೂರುತ್ತವೆ. ಜನವರಿಯ ಒಣ ಹವೆಯಲ್ಲೂ ಯುಜಿಡಿ ಕಟ್ಟಿಕೊಳ್ಳುವುದಕ್ಕೆ ಹಿಂದಿನ ಅಕ್ಟೋಬರಿನ ಈ ಸಾಹಸವೂ ಒಂದು ಕಾರಣ. ತೆರೆದ ಬಾಯಿಯ ಮೇಲೆ ನೀರು ನಿಂತಿರುವಾಗ ಅಲ್ಲಿ ಗುಂಡಿಯಿದೆ ಎಂದು ದಾರಿಹೋಕರಿಗೆ ಗೊತ್ತಾಗುವುದಿಲ್ಲ ಎಂಬುದು ಬೇರೆಯೇ ಅಪಾಯ.

ಎಲ್ಲ ಮಾಲೀಕರೂ ಸೋಮಾರಿತನದಿಂದ ಹೀಗೆ ಮಾಡುತ್ತಾರೆ ಎನ್ನಲಾಗದು. ಹಳೆಯ ಬಡಾವಣೆಗಳಲ್ಲಿ ರಸ್ತೆಗೆ ಪದರದ ಮೇಲೆ ಪದರ ಡಾಂಬರು ಬಿದ್ದು, ಕೆಲವೆಡೆ ಮೇಲೆ ಕಾಂಕ್ರೀಟೂ ಬಿದ್ದು, ಮನೆಯ ಅಂಗಳ ರಸ್ತೆಗಿಂತ ಒಂದಡಿ ಕೆಳಗಿಳಿದಿದೆ. ರಸ್ತೆಬದಿಯ ಚರಂಡಿಯ ತಳವೂ ಅಂಗಳದ ಮಟ್ಟಕ್ಕೆ ಬಂದಿದೆ. ಅಲ್ಲಿಂದ ನೀರು ತಾನಾಗಿ ಚರಂಡಿಗೆ ಹತ್ತುವುದಿಲ್ಲ. ಚರಂಡಿಗಿಂತ ಆಳದಲ್ಲಿರುವುದು ಯುಜಿಡಿಯ ಚೇಂಬರ್ ಒಂದೇ. ನೀರು ಆ ಕಡೆಗೇ ಹರಿಯಬಲ್ಲದು. ಕೆಲವು ಅಡ್ಡರಸ್ತೆಗಳಲ್ಲಿ ಚರಂಡಿಯೇ ಇಲ್ಲ, ಇದ್ದರೂ ಅದರ ಮೇಲೆ ಕಾರು ಹತ್ತಿಸುವ ಇಳಿಜಾರು ಕಟ್ಟಲಾಗಿದೆ. ಇಂಥ ಮನೆಯವರಿಗೆ ನೋಟಿಸ್ ಕೊಟ್ಟರೆ ಅವರು ಮಾಡಬೇಕಾದ್ದಾದರೂ ಏನು?

ಈ ಪ್ರಶ್ನೆಗೆ ನೋಟಿಸಿನ ಆಚೆಗೂ ಉತ್ತರ ಹುಡುಕಿದ ಊರುಗಳಿವೆ. ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ಅವುಗಳಲ್ಲಿ ಮುಖ್ಯವಾದದ್ದು. ಅಲ್ಲಿನ ಹಳೆಯ ಭಾಗಗಳಲ್ಲಿ ಮಳೆನೀರಿಗೂ ಕೊಳಚೆಗೂ ಒಂದೇ ಕೊಳವೆ. ಮಳೆ ಬಂದಾಗಲೆಲ್ಲ ಅದು ತುಂಬಿ ವಿಲಾಮೆಟ್ ನದಿಗೆ ಹೊಲಸು ಹರಿಯುತ್ತಿತ್ತು. ನಗರಾಡಳಿತ 1.4 ಶತಕೋಟಿ ಡಾಲರ್ ಖರ್ಚು ಮಾಡಿ ನದಿಯ ಎರಡೂ ದಡಗಳಲ್ಲಿ ಭಾರಿ ಸುರಂಗಗಳನ್ನು ಕೊರೆಸಿತು. ಜೊತೆಗೆ, 1993ರಲ್ಲಿ ಮನೆಮನೆಗೆ ಹೋಗಿ ಸೂರಿನ ಪೈಪುಗಳನ್ನು ಒಳಚರಂಡಿಯಿಂದ ಬಿಡಿಸುವ ಕಾರ್ಯಕ್ರಮವನ್ನೂ ಶುರುಮಾಡಿತು. ಮಾಲೀಕರು ತಾವೇ ಬಿಡಿಸಿಕೊಂಡರೆ ಪೈಪೊಂದಕ್ಕೆ 53 ಡಾಲರ್ ಕೊಡಲಾಗುತ್ತಿತ್ತು. ಬೇಡವೆಂದರೆ ನಗರದ ಕಡೆಯವರೇ ಬಂದು ಪುಕ್ಕಟೆ ಮಾಡಿಕೊಡುತ್ತಿದ್ದರು. ಬಡಾವಣೆಯ ಸಂಘಗಳು ಕೆಲಸಕ್ಕೆ ಇಳಿದರೆ ಅವುಗಳಿಗೂ ಪೈಪಿಗಿಷ್ಟು ಎಂದು ಹಣ. 2011ರಲ್ಲಿ ಕಾರ್ಯಕ್ರಮ ಮುಗಿಯುವಷ್ಟರಲ್ಲಿ 56,000ಕ್ಕೂ ಹೆಚ್ಚು ಪೈಪುಗಳು ಒಳಚರಂಡಿಯಿಂದ ಕಳಚಿಕೊಂಡಿದ್ದವು. ವರ್ಷಕ್ಕೆ 400 ಕೋಟಿ ಲೀಟರಿಗೂ ಮಿಕ್ಕಿದ ನೀರು ಕೊಳವೆಗೆ ಹೋಗುವುದು ತಪ್ಪಿತು.

ಕೆಲಸ ಮಾತ್ರ ತೀರಾ ಸರಳ. ಪೈಪನ್ನು ನೆಲದಿಂದ ಸ್ವಲ್ಪ ಮೇಲೆ ಕತ್ತರಿಸುವುದು, ನೆಲದಲ್ಲಿ ಉಳಿದ ತುದಿಗೆ ಬಿರಡೆ ಬಿಗಿಯುವುದು, ಮೇಲಿನ ತುದಿಗೆ ಒಂದು ಮೊಣಕೈ ಜೋಡಿಸಿ ನೀರನ್ನು ಹುಲ್ಲಿನ ಕಡೆಗೆ ತಿರುಗಿಸುವುದು. ನಿಯಮಗಳೂ ಅಷ್ಟೇ ನೇರ: ನೆಲಮಾಳಿಗೆಯಿರುವ ಮನೆಯಾದರೆ ಗೋಡೆಯಿಂದ ಆರು ಅಡಿ ಆಚೆ ನೀರು ಬೀಳಬೇಕು, ನೆರೆಯವರ ಕಡೆಗೆ ಹರಿಯಬಾರದು, ಸೂರಿನ ವಿಸ್ತೀರ್ಣದ ಹತ್ತನೇ ಒಂದು ಭಾಗದಷ್ಟಾದರೂ ಮಣ್ಣಿನ ನೆಲ ಇರಬೇಕು.

ಕೆನಡಾದ ಟೊರೊಂಟೊ ಮೊದಲು ಇದೇ ದಾರಿಯಲ್ಲಿ ಹೋಯಿತು, ಸ್ವಯಂಪ್ರೇರಿತವಾಗಿ ಬರುವವರಿಗೆ ಉಚಿತವಾಗಿ ಬಿಡಿಸಿಕೊಡುವ ದಾರಿ. ಬಂದವರು ಸಾಲದೆ ಹೋದಾಗ 2007ರಲ್ಲಿ ಕಡ್ಡಾಯಗೊಳಿಸುವ ನಿರ್ಧಾರ ಕೈಗೊಂಡಿತು. ಇಡೀ ಊರಿಗೆ ಒಂದೇ ಗಡುವು ಹಾಕಲಿಲ್ಲ. ಎರಡೂ ನೀರಿಗೆ ಒಂದೇ ಕೊಳವೆಯಿರುವ ಹಳೆಯ ಭಾಗಕ್ಕೆ 2011, ಮುಂದಿನ ಹಂತಕ್ಕೆ 2013, ಉಳಿದ ಭಾಗಕ್ಕೆ 2016. ನೀರು ಬಿಡಲು ಜಾಗವೇ ಇಲ್ಲದವರು, ಕಾಲುದಾರಿಯ ಮೇಲೆ ಮಂಜುಗಡ್ಡೆ ಕಟ್ಟುವ ಅಪಾಯವಿರುವವರು ಅರ್ಜಿ ಹಾಕಿ ವಿನಾಯಿತಿ ಪಡೆಯಬಹುದು. ಇಷ್ಟಾದ ಮೇಲೂ ಟೊರೊಂಟೊ ಮುಳುಗುವುದು ನಿಂತಿಲ್ಲ. 2013ರ ಜುಲೈ 8ರಂದು ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ 126 ಮಿಲಿಮೀಟರ್ ಮಳೆ ದಾಖಲಾದ ದಿನ ಊರು ತತ್ತರಿಸಿತ್ತು. 2024ರ ಜುಲೈಯಲ್ಲಿ ಮತ್ತೆ ಹೆದ್ದಾರಿಗಳು ನೀರಿನಡಿ ಹೋದವು. ಪೈಪು ಬಿಡಿಸಿದ ಮಾತ್ರಕ್ಕೆ ನೆರೆ ತಪ್ಪುತ್ತದೆ ಎಂದು ಯಾರೂ ಹೇಳಿಕೊಂಡಿಲ್ಲ, ಹೇಳಲೂಬಾರದು.

ಪೋರ್ಟ್‌ಲೆಂಡಿನ ಪಾಠವನ್ನು ಯಥಾವತ್ತಾಗಿ ಇಲ್ಲಿಗೆ ತಂದರೆ ಎಡವುತ್ತೇವೆ. ಎರಡೂ ಊರುಗಳ ವಾರ್ಷಿಕ ಮಳೆ ಹೆಚ್ಚುಕಡಿಮೆ ಒಂದೇ, 900ರಿಂದ 1,000 ಮಿಲಿಮೀಟರಿನ ನಡುವೆ. ಅಲ್ಲಿ ಅದು ನೂರೈವತ್ತು ದಿನಗಳ ಜಿಟಿಜಿಟಿ ಮಳೆ. ಇಲ್ಲಿ ಮಳೆ ಎಂದು ಲೆಕ್ಕಕ್ಕೆ ಸಿಗುವ ದಿನಗಳು ಅರವತ್ತರ ಆಸುಪಾಸು, ಅದರಲ್ಲೂ ಕೆಲವೇ ಸಂಜೆಗಳಲ್ಲಿ ಧೋ ಎಂದು ಸುರಿದು ಮುಗಿಯುತ್ತದೆ. ಅಲ್ಲಿ ಮನೆಯ ಸುತ್ತ ಹುಲ್ಲುಹಾಸಿದೆ. ಇಲ್ಲಿ ಮೂವತ್ತು–ನಲವತ್ತರ ನಿವೇಶನದಲ್ಲಿ ಗೋಡೆಯಿಂದ ಗೋಡೆಗೆ ಕಟ್ಟಿ, ಉಳಿದ ಮೂರಡಿಗೂ ಸಿಮೆಂಟು ಬಳಿದು, ಅಲ್ಲೊಂದು ಸ್ಕೂಟರ್ ನಿಲ್ಲಿಸಿದ್ದೇವೆ. ಪೈಪು ಕತ್ತರಿಸಿ ರಸ್ತೆಗೆ ಬಿಟ್ಟರೆ ಯುಜಿಡಿಗೆ ಹೋಗುತ್ತಿದ್ದ ನೀರು ರಸ್ತೆಗೆ ಬಂತು, ಅಷ್ಟೇ. ಕೊಳಚೆ ಬೆರೆಯದ ನೀರಾದ್ದರಿಂದ ಅದೂ ಲಾಭವೇ ಎನ್ನಬಹುದು, ಆದರೆ ತಗ್ಗಿನಲ್ಲಿರುವವರ ಮನೆಗೆ ನುಗ್ಗುವುದು ತಪ್ಪುವುದಿಲ್ಲ. ಹಾಗಾಗಿ ನಮ್ಮಲ್ಲಿ ಬಿಡಿಸುವ ಕೆಲಸ ಹಿಡಿದಿಡುವ ಕೆಲಸದ ಜೊತೆಗೇ ಆಗಬೇಕು.

ಹಿಡಿದಿಡುವುದೆಂದರೆ ಎಷ್ಟು? ಮಳೆನೀರು ಸಂಗ್ರಹದ ಉತ್ಸಾಹದಲ್ಲಿ ಪೈಪಿನಡಿ ನೀಲಿ ಡ್ರಮ್ ಇಟ್ಟವರನ್ನು ಕಂಡರೆ ಸಂತೋಷವಾಗುತ್ತದೆ. ಗಿಡಗಳಿಗೆ ಅದು ಒಳ್ಳೆಯದು. ನೆರೆಯ ವಿಷಯದಲ್ಲಿ 200 ಲೀಟರಿನ ಡ್ರಮ್ ಅಂದರೆ ಅದೇ 93 ಚದರ ಮೀಟರ್ ತಾರಸಿಯ ಮೇಲೆ ಬಿದ್ದ ಎರಡು ಮಿಲಿಮೀಟರ್ ಮಳೆ. ಗುಡುಗು ಮಳೆಯ ಮೊದಲ ಎರಡು–ಮೂರು ನಿಮಿಷಕ್ಕೇ ತುಂಬಿ ಹೋಗುತ್ತದೆ. ಜಲಮಂಡಳಿಯ ನಿಯಮ ಇದಕ್ಕಿಂತ ಎಷ್ಟೋ ವಿವೇಕದ್ದು: ತಾರಸಿಯ ಪ್ರತಿ ಚದರ ಮೀಟರಿಗೆ 60 ಲೀಟರ್, ಕಲ್ಲು–ಕಾಂಕ್ರೀಟು ಹಾಸಿದ ಅಂಗಳದ ಪ್ರತಿ ಚದರ ಮೀಟರಿಗೆ 30 ಲೀಟರ್ ಸಂಗ್ರಹಿಸುವ ಅಥವಾ ಇಂಗಿಸುವ ವ್ಯವಸ್ಥೆ ಇರಬೇಕು. ನಮ್ಮ ಮಾದರಿ ಮನೆಯ ತಾರಸಿಗೆ ಅದು 5,580 ಲೀಟರ್. ಅಂದರೆ 60 ಮಿಲಿಮೀಟರ್ ಮಳೆಯವರೆಗೆ ತಾರಸಿಯ ಒಂದು ಹನಿಯೂ ಹೊರಗೆ ಹೋಗಬೇಕಿಲ್ಲ. ಬೆಂಗಳೂರಿನ ಬಹುತೇಕ ಮಳೆಗಳು ಆ ಮಿತಿಯೊಳಗೇ ಮುಗಿಯುತ್ತವೆ.

ಅಷ್ಟು ನೀರಿಗೆ ಜಾಗ ಎಲ್ಲಿ ಎಂದರೆ ನೆಲದಡಿ. ಮೂರಡಿ ಅಗಲ, ಇಪ್ಪತ್ತಡಿ ಆಳದ, ಕಾಂಕ್ರೀಟ್ ಉಂಗುರ ಇಳಿಸಿದ ಇಂಗುಬಾವಿಯಲ್ಲಿ ಸುಮಾರು 4,000 ಲೀಟರ್ ನಿಲ್ಲುತ್ತದೆ, ನಿಂತಂತೆಯೇ ಮಣ್ಣಿಗೆ ಇಳಿಯುತ್ತಲೂ ಇರುತ್ತದೆ. ಬಾಯಿಗೆ ಮುಚ್ಚಳ ಹಾಕಿದರೆ ಅದರ ಮೇಲೆಯೇ ಸ್ಕೂಟರ್ ನಿಲ್ಲಿಸಬಹುದು. ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಮಣ್ಣು ಒಡ್ಡರ ಕುಟುಂಬಗಳು ಬೆಂಗಳೂರಿನ ಸುತ್ತ ಇಂದಿಗೂ ಈ ಕೆಲಸ ಮಾಡುತ್ತಿವೆ. ನೀರಿನ ವಿಷಯದಲ್ಲಿ ಕೆಲಸ ಮಾಡುವ ಬಯೋಮ್ ಟ್ರಸ್ಟ್‌ನವರು ಇವರನ್ನು ಜೊತೆಗಿಟ್ಟುಕೊಂಡು ನಗರದಲ್ಲಿ ಹತ್ತು ಲಕ್ಷ ಇಂಗುಬಾವಿಗಳ ಗುರಿಯ ಆಂದೋಲನ ನಡೆಸುತ್ತಿದ್ದಾರೆ. ಕಬ್ಬನ್ ಉದ್ಯಾನದಲ್ಲೂ ಬಾವಿಗಳು ಎದ್ದಿವೆ. ಕೆಲವು ಎಚ್ಚರಿಕೆಗಳು ಬೇಕು. ಯುಜಿಡಿ ಚೇಂಬರಿಗೆ ತಾಗಿಕೊಂಡು ತೋಡಬಾರದು, ಸೋಸದ ನೀರನ್ನು ಕೊಳವೆಬಾವಿಗೆ ನೇರವಾಗಿ ಇಳಿಸಲೇಬಾರದು, ಐದಡಿಗೇ ಬಂಡೆ ಸಿಗುವ ಕಡೆ ಇಂಗುವಿಕೆಯ ಆಸೆ ಬಿಟ್ಟು ಸಂಪನ್ನು ನೆಚ್ಚಿಕೊಳ್ಳಬೇಕು. ಸಂಪಿನ ದೌರ್ಬಲ್ಯವೆಂದರೆ ಅದು ಮಳೆಗೆ ಮೊದಲು ಖಾಲಿಯಿರಬೇಕು. ಕಾವೇರಿ ನೀರು ತುಂಬಿ ನಿಂತ ಸಂಪಿಗೆ ಮಳೆನೀರು ಬಿಟ್ಟರೆ ಅದು ಉಕ್ಕಿ ಹೋಗುವುದು ಅದೇ ಚೇಂಬರಿಗೆ.

ಜಯನಗರದಲ್ಲಿ ಜಲಮಂಡಳಿಯೇ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನಲ್ಲಿ ಮಳೆನೀರು ಕೊಯ್ಲಿನ ಉದ್ಯಾನ ಮಾಡಿದೆ, ಬಗೆಬಗೆಯ ಮಾದರಿಗಳನ್ನು ಅಲ್ಲಿ ನೋಡಬಹುದು. ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಮಳೆನೀರೊಂದನ್ನೇ ನೆಚ್ಚಿ ಸಂಸಾರ ನಡೆಸಿ ತೋರಿಸಿದ್ದಾರೆ. ಜ್ಞಾನಕ್ಕೆ ಇಲ್ಲಿ ಬರವಿಲ್ಲ. 2009ರಲ್ಲೇ ಕಾನೂನಿಗೆ ತಿದ್ದುಪಡಿ ತಂದು 2,400 ಚದರಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಕಟ್ಟಡಗಳಿಗೆ, 1,200 ಚದರಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಕಟ್ಟಡಗಳಿಗೆ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಲಾಗಿದೆ. ಪಾಲಿಸದವರಿಗೆ ನೀರಿನ ಬಿಲ್ಲಿನ ಮೇಲೆ ದಂಡ, ಮನೆಗಳಿಗೆ ಮೊದಲ ಮೂರು ತಿಂಗಳು ಶೇ 25, ಆಮೇಲೆ ಶೇ 50. ಕಾವೇರಿ ನೀರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಏರಿ ಬಂದರೂ ಮನೆಯವರಿಗೆ ಸಿಗುವ ಬಿಲ್ಲು ಸಣ್ಣದು. ಸಣ್ಣ ಬಿಲ್ಲಿನ ಅರ್ಧ ಇನ್ನೂ ಸಣ್ಣದು. ಹೀಗಾಗಿ ಅನೇಕರು ಬಾವಿ ತೋಡಿಸುವ ಗೋಜಿಗೆ ಹೋಗದೆ ತಿಂಗಳು ತಿಂಗಳು ದಂಡ ಕಟ್ಟಿಕೊಂಡು ನೆಮ್ಮದಿಯಾಗಿದ್ದಾರೆ. ತಪ್ಪಿಗೆ ತಿಂಗಳ ಬಾಡಿಗೆ ಗೊತ್ತುಮಾಡಿದಂತಾಗಿದೆ.

ಕಾನೂನಿನ ಕಣ್ಣು ಮಳೆನೀರು ಕೊಯ್ಲು ಇದೆಯೇ ಇಲ್ಲವೇ ಎಂಬುದರ ಮೇಲೆ ಮಾತ್ರ ಇದೆ. ಪೈಪು ಕೊನೆಗೆ ಎಲ್ಲಿ ಮುಟ್ಟುತ್ತದೆ ಎಂಬುದರ ಮೇಲಲ್ಲ. ಗೋಡೆಗೊಂದು ಫಿಲ್ಟರ್ ತೂಗುಹಾಕಿ ಫೋಟೊ ಕೊಟ್ಟು, ಅದರಿಂದ ಹೊರಟ ಪೈಪನ್ನು ಚೇಂಬರಿಗೇ ಸೇರಿಸಿದರೆ ದಂಡವೂ ಇಲ್ಲ, ಲಾಭವೂ ಇಲ್ಲ. ಯುಜಿಡಿಗೆ ಮಳೆನೀರು ಬಿಡುವುದು ಅಕ್ರಮ ಎಂದು ಜಲಮಂಡಳಿ ವರ್ಷ ವರ್ಷ ಎಚ್ಚರಿಸುತ್ತದೆ. ಎಚ್ಚರಿಕೆ ಪತ್ರಿಕೆಯಲ್ಲಿ ಬರುತ್ತದೆ, ಪೈಪು ನೆಲದೊಳಗಿರುತ್ತದೆ.

ಪತ್ತೆ ಮಾಡುವುದೇನೂ ಕಷ್ಟವಲ್ಲ. ಅಮೆರಿಕದ ಊರುಗಳಲ್ಲಿ ಮ್ಯಾನ್‌ಹೋಲಿಗೆ ಹಾನಿಯಿಲ್ಲದ ಹೊಗೆ ಊದುತ್ತಾರೆ. ತಪ್ಪು ಜೋಡಣೆಯಿರುವ ಮನೆಗಳ ಸೂರಿನ ಪೈಪಿನಿಂದ ಹೊಗೆ ಎದ್ದು ಗುಟ್ಟು ರಟ್ಟಾಗುತ್ತದೆ. ಅಷ್ಟೂ ಬೇಡವೆಂದರೆ, ಒಂದು ಬಕೆಟ್ ನೀರಿಗೆ ಎರಡು ಚಮಚ ಅರಿಶಿನ ಕದಡಿ ತಾರಸಿಯ ಪೈಪಿಗೆ ಸುರಿದು ಕೆಳಗೆ ಚೇಂಬರಿನ ಮುಚ್ಚಳ ತೆಗೆದು ನೋಡಿದರಾಯಿತು. ಹಳದಿ ನೀರು ಬಂದರೆ ನಿಮ್ಮದೂ ಆ ಪಟ್ಟಿಯಲ್ಲಿದೆ. ಬಾಲ್ಕನಿಯ ಜಾಲರಿ, ಕಾರು ನಿಲ್ಲಿಸುವ ಜಾಗದ ಜಾಲರಿಗಳನ್ನೂ ಹೀಗೆಯೇ ಪರೀಕ್ಷಿಸಬೇಕು. ತಾರಸಿಯ ಪೈಪು ಸರಿಯಿದ್ದು ಇವು ಕೈಕೊಟ್ಟಿರುವ ಮನೆಗಳೂ ಇರುತ್ತವೆ.

2022ರ ಸೆಪ್ಟೆಂಬರ್ 4ರ ರಾತ್ರಿಯಂಥ ಮಳೆ ಬಂದರೆ, ಅಂದರೆ ಒಂದೇ ದಿನದ ಲೆಕ್ಕ 130 ಮಿಲಿಮೀಟರ್ ದಾಟಿ ಬೆಳ್ಳಂದೂರು, ಹೊರವರ್ತುಲ ರಸ್ತೆಗಳಲ್ಲಿ ದೋಣಿ ಓಡಿಸಿದಂಥ ದಿನ, ಈ ಎಲ್ಲ ಬಾವಿ–ಸಂಪುಗಳು ಅರ್ಧದಾರಿಯಲ್ಲೇ ತುಂಬುತ್ತವೆ. ರಾಜಕಾಲುವೆಯನ್ನು ಕಿರಿದು ಮಾಡಿ, ಕೆರೆಯ ಕೋಡಿ ಮುಚ್ಚಿ ಕಟ್ಟಿದ ಬಡಾವಣೆಗಳನ್ನು ತಾರಸಿಯ ಪೈಪು ಉಳಿಸಲಾರದು. 2025ರ ಮೇ ತಿಂಗಳಲ್ಲಿ ಮುಳುಗಿದ ಸಾಯಿ ಲೇಔಟಿನ ಕಥೆಯೂ ಕಾಲುವೆಯದೇ. ಆದರೆ ಅಂಥ ಮಳೆ ಅಪರೂಪ. ಮೂವತ್ತು–ನಲವತ್ತು ಮಿಲಿಮೀಟರಿನ ಸಾಧಾರಣ ಮಳೆಗೇ ಮ್ಯಾನ್‌ಹೋಲ್ ಉಕ್ಕಿ, ಮಕ್ಕಳು ಶಾಲೆಯಿಂದ ಕೊಳಚೆಯಲ್ಲಿ ನಡೆದು ಬರುವ ಸಂಜೆಗಳು ವರ್ಷಕ್ಕೆ ಎಷ್ಟೋ ಇವೆ. ಪೈಪು ಬಿಡಿಸುವುದರ ಫಲ ಸಿಗುವುದು ಆ ಸಂಜೆಗಳಲ್ಲಿ.

ಸುರಂಗ, ಕಾಲುವೆಗಳಿಗೆ ಸಾವಿರಾರು ಕೋಟಿಯ ಯೋಜನೆ ಬರೆಯುವವರಿಗೆ ಪೈಪಿನ ಮೊಣಕೈ ತೀರಾ ಸಣ್ಣ ಕೆಲಸವಾಗಿ ಕಾಣುತ್ತದೆ. ಮೇಲಾಗಿ ಅದು ಯಾರ ಕೆಲಸ ಎಂಬುದೇ ಇತ್ಯರ್ಥವಾಗಿಲ್ಲ. ತಪ್ಪು ಜೋಡಣೆಯಿಂದ ನರಳುವುದು ಜಲಮಂಡಳಿಯ ಕೊಳವೆ, ಬಿಡಿಸಿದ ನೀರು ಬರುವುದು ಪಾಲಿಕೆಯ ಚರಂಡಿಗೆ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿವೆ. ಜಲಮಂಡಳಿ ಮನೆಯ ಪೈಪು ಕತ್ತರಿಸಲು ಹೊರಟರೆ ಚರಂಡಿಯ ಮಟ್ಟ ಸರಿಪಡಿಸಲು ಆಯಾ ಪಾಲಿಕೆಯವರು ಅದೇ ವಾರ ಅಲ್ಲಿರಬೇಕು. ಇಲ್ಲದಿದ್ದರೆ ರಸ್ತೆಗಿಂತ ತಗ್ಗಿನಲ್ಲಿರುವ ಮನೆಯವರು ಮರುದಿನವೇ ಹಳೆಯ ಜೋಡಣೆಗೆ ಮರಳುತ್ತಾರೆ, ಅವರನ್ನು ದೂರುವಂತೆಯೂ ಇಲ್ಲ.

ಮಳೆ ಬಂದರೆ ಎಲ್ಲಿ ನೀರು ನಿಲ್ಲುತ್ತದೆ ಎಂಬ ಪಟ್ಟಿ ಪಾಲಿಕೆಗಳ ಬಳಿ ಈಗಾಗಲೇ ಇದೆ. ಪ್ರತಿ ತಾಣದಿಂದ ಯುಜಿಡಿ ಕೊಳವೆಯ ಜಾಡು ಹಿಡಿದು ದಿಬ್ಬದ ಕಡೆಗೆ ಹತ್ತಿದರೆ ಯಾವ ಬೀದಿಗಳಿಂದ ಶುರುಮಾಡಬೇಕೆಂಬುದು ತಿಳಿಯುತ್ತದೆ. ಟೊರೊಂಟೊದಂತೆ ಹಂತ ಹಂತದ ಗಡುವು ಕೊಡಲಿ, ಜಾಗವಿಲ್ಲದ ಸಣ್ಣ ಮನೆಗಳಿಗೆ ವಿನಾಯಿತಿ ಕೊಟ್ಟು ಬೀದಿಗೊಂದು ಸಾರ್ವಜನಿಕ ಇಂಗುಬಾವಿ ತೋಡಲಿ. ಪೋರ್ಟ್‌ಲೆಂಡಿನಂತೆ ಪ್ಲಂಬರನ್ನು ಬಾಗಿಲಿಗೇ ಕಳುಹಿಸಲಿ. ಖರ್ಚಿಗೆ ಹೊಸ ತೆರಿಗೆ ಬೇಕಿಲ್ಲ. ಮಳೆನೀರು ಕೊಯ್ಲು ಅಳವಡಿಸದವರಿಂದ ತಿಂಗಳು ತಿಂಗಳು ವಸೂಲಾಗುವ ದಂಡದ ಹಣವನ್ನು ಪ್ರತ್ಯೇಕ ಖಾತೆಗೆ ಹಾಕಿ ಈ ಕೆಲಸಕ್ಕೇ ಮೀಸಲಿಡಬಹುದು. ಕೆಲಸಕ್ಕೆ ಸರಿಯಾದ ಕಾಲ ಜನವರಿಯಿಂದ ಮಾರ್ಚ್: ಚೇಂಬರುಗಳಲ್ಲಿ ನೀರು ಕಡಿಮೆಯಿರುತ್ತದೆ, ಬಾವಿ ತೋಡುವವರಿಗೆ ಮಣ್ಣು ಒಣಗಿರುತ್ತದೆ, ಏಪ್ರಿಲ್ ಕೊನೆಯ ಗುಡುಗು ಮಳೆಗೆ ಇನ್ನೂ ಕೆಲವು ವಾರಗಳ ಬಿಡುವಿರುತ್ತದೆ.